ಎಣ್ಣೆ ಕಾಗದದ ರಾಮ, ತಾತನ ಪಂಚೆ

ಯುಕೆಜಿ ಮಕ್ಕಳ ಹೋಂವರ್ಕ್ ಬರುವುದು ಮಕ್ಕಳಿಗಲ್ಲ, ಅಪ್ಪ ಅಮ್ಮನ ಮೊಬೈಲಿಗೆ. ಅದೂ ಊಟ ಮುಗಿದು, ಪಾತ್ರೆ ತೊಳೆದಿಟ್ಟು, ಅಬ್ಬಾ ಅಂತ ಕೂತ ಮೇಲೆ. 'ನಮ್ಮ ನಾಡಿನ ಕಲೆ ವಾರ. ಮಗುವಿನ ಕೈಯಿಂದಲೇ ಒಂದು ತೊಗಲುಗೊಂಬೆ ಮಾಡಿಸಿ, ಹೆಸರು ಬರೆಸಿ, ಬೆಳಗ್ಗೆ ಎಂಟೂವರೆಯೊಳಗೆ ಫೋಟೊ ಕಳಿಸಿ.'

ಈ 'ಮಗುವಿನ ಕೈಯಿಂದಲೇ' ಅನ್ನುವುದನ್ನು ಯಾರೂ ನಂಬುವುದಿಲ್ಲ, ಕಳಿಸಿದವರೂ ಸೇರಿದಂತೆ. ಹೋದ ಸಲ ಒಂದು ಮಗು ಹೊತ್ತು ತಂದ ಬೇಲೂರಿನ ದೇವಸ್ಥಾನದಲ್ಲಿ ಒಳಗೆ ಲೈಟು, ಹೊರಗೆ ಶಿಲಾಬಾಲಿಕೆ ಎಲ್ಲ ಇತ್ತು. ಆ ಮಗುವಿಗೆ ಇನ್ನೂ ಶೂ ಲೇಸ್ ಕಟ್ಟಲು ಬರುವುದಿಲ್ಲ.

ಪರದೆಯ ಹಿಂದೆ ದೀಪ ಇಟ್ಟು ಆಡಿಸುವ ಅಸಲಿ ತೊಗಲುಗೊಂಬೆ ಆಡಿನ ಚರ್ಮದ್ದು. ಕೂದಲು ಕೆರೆದು, ಬೆಳಕು ಹಾಯುವಷ್ಟು ತೆಳ್ಳಗೆ ಹದ ಮಾಡಿ, ಒಡವೆ ಇರುವ ಕಡೆ, ಸೆರಗಿನ ಅಂಚಿನ ಕಡೆ ಸಣ್ಣ ಸಣ್ಣ ತೂತು ಕೊರೆದು, ಬಣ್ಣ ಹಚ್ಚುತ್ತಾರೆ. 2025ರಲ್ಲಿ ಪದ್ಮಶ್ರೀ ಬಂತಲ್ಲ, ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ, ಅವರು ಬದುಕಿಡೀ ಆಡಿಸಿಕೊಂಡು ಬಂದ ಕಲೆ ಇದು. ನಮಗೆ ಸಿಕ್ಕಿದ್ದು ಒಂದು ರಾತ್ರಿ.

ಮನೆಯಲ್ಲಿ ಆಡಿನ ಚರ್ಮ ಎಲ್ಲಿಂದ ಬರಬೇಕು? ಯಜಮಾನರು ಡ್ರಾಯಿಂಗ್ ಹಾಳೆಗೆ ಕೊಬ್ಬರಿ ಎಣ್ಣೆ ಸವರೋಣ ಅಂದರು. ಕಾಗದದ ನಾರಿನ ಸಂದಿಯಲ್ಲಿರುವ ಗಾಳಿ ಬೆಳಕನ್ನು ಚೆದುರಿಸುತ್ತದೆ, ಎಣ್ಣೆ ಆ ಸಂದಿ ತುಂಬಿದರೆ ಬೆಳಕು ಹಾದುಹೋಗುತ್ತದೆ ಅಂತ ಪಾಠವೂ ಆಯಿತು. ಎಲ್ಲ ಸರಿಯೇ. ಬಣ್ಣ ಮೊದಲು, ಎಣ್ಣೆ ಆಮೇಲೆ ಅನ್ನುವ ಒಂದು ಮಾತು ಮಾತ್ರ ಆ ಪಾಠದಲ್ಲಿ ಇರಲಿಲ್ಲ. ಎಣ್ಣೆ ಕುಡಿದ ಹಾಳೆಯ ಮೇಲೆ ಸ್ಕೆಚ್ ಪೆನ್ನು ಜಾರಿತು. ಒತ್ತಿ ಬರೆದರು. ಇನ್ನೂ ಜಾರಿತು. ಪೆನ್ನೇ ಸರಿ ಇಲ್ಲ ಅಂತ ತೀರ್ಪು ಬಂತು.

ಇಷ್ಟು ಹೊತ್ತು ವಿದ್ಯಾರ್ಥಿನಿ ಎಲ್ಲಿದ್ದಳು? ಸೋಫಾದಿಂದ ತಲೆ ಕೆಳಗೆ ಜೋತುಬಿಟ್ಟು ರಾಮನ ಕಥೆ ಓದುತ್ತಿದ್ದಳು. ಪುಸ್ತಕ ಅವಳ ಲೆಕ್ಕದಲ್ಲಿ ಉಲ್ಟಾ. ಓದು ಮಾತ್ರ ನೆಟ್ಟಗೆ. ಪೂರ್ತಿ ಬಾಯಿಪಾಠ. ನಿದ್ದೆ ತಡೆಯಲಾರದೆ ನಾನೇನಾದರೂ ಒಂದು ಪುಟ ಹಾರಿಸಿದರೆ 'ಜಿಂಕೆ ಎಲ್ಲಿ ಹೋಯ್ತು?' ಅಂತ ಹಿಡಿದು ನಿಲ್ಲಿಸುತ್ತಾಳೆ. ಇದೆಲ್ಲ ಓದಲ್ಲ, ಗಿಳಿಪಾಠ ಅಂತ ಕೆಲವರು ಮೂಗು ಮುರಿಯುತ್ತಾರೆ. ನಾನು ಒಪ್ಪುವುದಿಲ್ಲ. ಕಥೆ ಇರುವುದು ಪುಟದಲ್ಲಿ, ಪುಟ ತಿರುಗಿದರೆ ಮಾತೂ ಮುಂದಕ್ಕೆ ಹೋಗಬೇಕು ಅಂತ ಗೊತ್ತಾಗಿದೆಯಲ್ಲ, ಅರ್ಧ ಓದು ಬಂದ ಹಾಗೇ. ಉಳಿದರ್ಧ ಒತ್ತಕ್ಷರ. ಅದಕ್ಕೇನು, ಜೀವಮಾನವೇ ಇದೆ.

ಎರಡನೇ ಹಾಳೆ ಅವಳ ಕೈಗೆ ಬಂತು. ಯಾಕೆಂದರೆ ಅಪ್ಪ ಮುನಿಸಿಕೊಂಡು ಪೆನ್ನಿನ ಕ್ಯಾಪು ಹುಡುಕುತ್ತಿದ್ದರು. ಮೂರು ಬೆರಳಿನ ರಾಮ, ರಾಮನಿಗಿಂತ ಎತ್ತರದ ಬಿಲ್ಲು, ಮೈತುಂಬ ಹಸಿರು. ಎದೆಯ ಮೇಲೆ ಬಲಗಡೆಯಿಂದ ಶುರು ಮಾಡಿ 'ರಾಮ' ಅಂತ ಬರೆದಳು. ರಾ ಮುಖ ತಿರುಗಿಸಿಕೊಂಡಿತ್ತು, ಮ ಬೆನ್ನು ಹಾಕಿತ್ತು. ಈ ವಯಸ್ಸಿನ ಮಕ್ಕಳು ಹೀಗೆ ಕನ್ನಡಿಯಲ್ಲಿ ಕಂಡಂತೆ ಬರೆಯುವುದು ಮಾಮೂಲು, ತಾನಾಗಿ ಸರಿಹೋಗುತ್ತದೆ. ನಾನು ಸುಮ್ನೆ ಎಣ್ಣೆ ಸವರಿ, ಕತ್ತರಿಸಿ, ಬೆನ್ನಿಗೆ ಪೊರಕೆ ಕಡ್ಡಿ ಅಂಟಿಸಿದೆ.

ಗೊಂಬೆ ಆದ ಮೇಲೆ ಆಟ ಆಡದೆ ಮಲಗುವವರುಂಟೇ? ಎರಡು ಕುರ್ಚಿಗೆ ತಾತನ ಬಿಳಿ ಪಂಚೆ ಕಟ್ಟಿದ್ದಾಯಿತು, ಹಿಂದಿನಿಂದ ಮೊಬೈಲ್ ಟಾರ್ಚು. ತಾತ ಒಬ್ಬರೇ ಪ್ರೇಕ್ಷಕರು. ಅವರು ಚಿಕ್ಕಂದಿನಲ್ಲಿ ರಾತ್ರಿಯಿಡೀ ಗೊಂಬೆಯಾಟ ನೋಡಿದವರು. ರಾಮ ಸೀತೆಗಿಂತ ಜಾಸ್ತಿ, ಆಟದ ನಡುವೆ ಬಂದು ನಗಿಸುವ ಜೋಡಿ ಕಿಳ್ಳೇಕ್ಯಾತ, ಬಂಗಾರಕ್ಕನ ಜಗಳಕ್ಕೇ ಕಾಯುತ್ತಿದ್ದೆವು ಅಂದರು. ಮಗಳು ಗೊಂಬೆಯನ್ನು ಟಾರ್ಚಿನ ಹತ್ತಿರ ಹಿಡಿದಳು. ಪಂಚೆ ತುಂಬ ಮಸುಕು ಮಸುಕಾದ ಏನೋ ಒಂದು ಎದ್ದು ನಿಂತಿತು.

'ಇದು ಕುಂಭಕರ್ಣ ಅಲ್ವಾ?'

'ರಾಮ, ತಾತಾ!'

'ಹಾಗಾದ್ರೆ ಪರದೆಗೆ ಒತ್ತಿ ಹಿಡಿ ಮಗಾ.'

ಒತ್ತಿದಳು. ರಾಮ ಕುಗ್ಗಿ, ಮೂರು ಬೆರಳೂ ಲೆಕ್ಕಕ್ಕೆ ಸಿಗುವಷ್ಟು ಸ್ಪಷ್ಟವಾಗಿ ಬಂದ. ಎದೆಯ ಮೇಲಿನ ಅಕ್ಷರ ಆ ಕಡೆಯಿಂದ ನೆಟ್ಟಗೆ ಕಂಡಿತು. ತಾತ ಕನ್ನಡಕವಿಲ್ಲದೆ 'ರಾಮ' ಅಂತ ಓದಿ ಚಪ್ಪಾಳೆ ತಟ್ಟಿದರು.

ಬೆಳಗ್ಗೆ ಯಜಮಾನರು ಫೋಟೊ ತೆಗೆದಿದ್ದು ಈ ಕಡೆಯಿಂದ. ಉತ್ತರ ತಕ್ಷಣ ಬಂತು: 'ತುಂಬಾ ಚೆನ್ನಾಗಿದೆ. ಅಕ್ಷರ ಉಲ್ಟಾ ಆಗಿದೆ, ತಿದ್ದಿಸಿ.' ತೊಗಲುಗೊಂಬೆಯನ್ನು ನೋಡಬೇಕಾದ್ದು ಪರದೆಯ ಆಚೆಯಿಂದ ಅಂತ ಇವರು ಉದ್ದನೆಯ ವಿವರಣೆ ಟೈಪ್ ಮಾಡಿದರು. ಅದಕ್ಕೆ ಬಂದದ್ದು ಒಂದು ಹೆಬ್ಬೆರಳು.

ಪಂಚೆಯ ಕಥೆಯೇ ಬೇರೆ. ಒತ್ತಿ ಹಿಡಿದ ಜಾಗದಲ್ಲಿ ಎಣ್ಣೆ ಇಳಿದು, ಬಿಲ್ಲಿನ ಸಮೇತ ರಾಮ ಅಚ್ಚಾಗಿಬಿಟ್ಟಿದ್ದಾನೆ. ಸೋಪು, ನಿಂಬೆಹಣ್ಣು, ಬಿಸಿನೀರು ಯಾವುದಕ್ಕೂ ಜಗ್ಗುತ್ತಿಲ್ಲ. ಉಟ್ಟರೆ ಸರಿಯಾಗಿ ಕೂರುವ ಜಾಗಕ್ಕೇ ಬರುತ್ತಾನೆ. 'ರಾಮನ ಮೇಲೆ ಕೂರೋಕಾಗುತ್ತೇನೇ?' ಅಂತ ತಾತನ ತಕರಾರು. ಹೋಗಲಿ, ನೆಲ ಒರೆಸೋಕೆ ಇಟ್ಟುಕೊಳ್ಳುತ್ತೇನೆ ಅಂದರೆ ಕೆಲಸದಾಕೆ ಕೈ ಮುಗಿದು ಅದನ್ನು ಮಡಚಿ ವಾಪಸ್ ಕಪಾಟಿನಲ್ಲಿಟ್ಟಿದ್ದಾಳೆ.