ಒಡೆಯುವ ಸೀಸೆ, ಚುಚ್ಚುವ ಸೀಸೆ

ಇಂಜೆಕ್ಷನ್ ಔಷಧಿ ಹೆಚ್ಚಾಗಿ ಎರಡು ಬಗೆಯ ಪುಟಾಣಿ ಸೀಸೆಗಳಲ್ಲಿ ಬರುತ್ತದೆ. ಒಡೆಯುವಂಥದು ಆಂಪ್ಯೂಲು, ಚುಚ್ಚುವಂಥದು ವಯಲ್ಲು. ಮಂಡ್ಯದ ಮೆಡಿಕಲ್ ಸ್ಟೋರುಗಳಲ್ಲಿ ಕೌಂಟರಿನ ಈಚೆ ನಿಂತವರಿಗೆ ಎರಡೂ ‘ಇಂಜೆಕ್ಷನ್ ಬಾಟ್ಲು’. ಚೀಟಿ ಕೊಟ್ಟು, ಬಾಟ್ಲು ಈಸಿಕೊಂಡು ಆಸ್ಪತ್ರೆಗೆ ಓಡುವ ಗಡಿಬಿಡಿಯಲ್ಲಿ ಅದರ ಕತ್ತು ಹೇಗಿದೆ ಎಂದು ನೋಡುವ ವ್ಯವಧಾನ ಯಾರಿಗಿರುತ್ತದೆ? ನನಗಿದೆ. ಕಾಯುವ ಕಡೆಯೆಲ್ಲ ಇಂಥದನ್ನೇ ನೋಡುತ್ತ ನಿಲ್ಲುವುದು ನನ್ನ ಹಳೆಯ ಚಟ.

ಆಂಪ್ಯೂಲಿಗೆ ಮುಚ್ಚಳವೆಂಬುದೇ ಇಲ್ಲ. ಔಷಧಿ ತುಂಬಿ, ಗಾಜಿನ ತುದಿಯನ್ನು ಉರಿಯಲ್ಲಿ ಕರಗಿಸಿ ಅಲ್ಲೇ ಬೆಸೆದುಬಿಡುತ್ತಾರೆ. 1886ರಲ್ಲಿ ಪ್ಯಾರಿಸ್ಸಿನ ಔಷಧ ತಯಾರಕ ಸ್ಟಾನಿಸ್ಲಾಸ್ ಲಿಮೂಸಿನ್ ಮಾಡಿದ ಉಪಾಯವಿದು. ಚುಚ್ಚುಮದ್ದಿನ ದ್ರಾವಣ ಕೆಡದ ಹಾಗೆ ಇಡುವುದು ಹೇಗೆ ಎಂಬುದು ಆಗಿನವರ ತಲೆನೋವು. ಗಾಳಿಗೆ ದಾರಿಯೇ ಬಿಡದಿದ್ದರೆ ಕೆಡುವುದೆಲ್ಲಿಂದ ಬಂತು? ಸೊಗಸಾದ ಯೋಚನೆ. ಆದರೆ ತೆರೆಯಬೇಕಾದರೆ ಕತ್ತನ್ನೇ ಮುರಿಯಬೇಕು. ಮೊದಲು ಡಬ್ಬಿಯ ಜೊತೆಗೇ ಒಂದು ಪುಟ್ಟ ಅರ ಬರುತ್ತಿತ್ತು. ಕಾಂಪೌಂಡರು ಅದರಲ್ಲಿ ಕತ್ತಿಗೆ ಗೀರಿ, ಲಟಕ್ಕನೆ ಮುರಿಯುತ್ತಿದ್ದರು. ಈಗ ಎಷ್ಟೋ ಆಂಪ್ಯೂಲುಗಳಲ್ಲಿ ಗೀರನ್ನು ಕಾರ್ಖಾನೆಯಲ್ಲೇ ಹಾಕಿ, ಅದು ಎಲ್ಲಿದೆಯೆಂದು ತಿಳಿಯಲು ಬಣ್ಣದ ಚುಕ್ಕಿ ಇಟ್ಟಿರುತ್ತಾರೆ. ನರ್ಸಮ್ಮ ಮೊದಲು ಉಗುರಿನಿಂದ ತಲೆಗೆ ಟಿಕ್‌ಟಿಕ್ ಎಂದು ತಟ್ಟುತ್ತಾರೆ. ಮೇಲೆ ಸಿಕ್ಕಿಕೊಂಡ ಔಷಧಿ ಕೆಳಗಿಳಿಯಬೇಕಲ್ಲ. ಆಮೇಲೆ ಹತ್ತಿ ಹಿಡಿದು, ಚುಕ್ಕಿಗೆ ಹೆಬ್ಬೆರಳು ಕೊಟ್ಟು, ಆಚೆಗೆ ಒತ್ತುತ್ತಾರೆ. ಆ ‘ಟಕ್’ ಕೇಳಿದರೆ ಮಕ್ಕಳು ಅಳುವುದಕ್ಕೆ ಶುರು. ಸೂಜಿ ಇನ್ನೂ ಹೊರಗೇ ಬಂದಿರುವುದಿಲ್ಲ. ಒಡೆಯುವಾಗ ಕಣ್ಣಿಗೆ ಕಾಣದ ಗಾಜಿನ ಚೂರು ಒಳಗೆ ಬೀಳುವುದೂ ಉಂಟು. ಅದಕ್ಕೇ ಕೆಲವು ಕಡೆ ಸೋಸುವ ಸೂಜಿಯಲ್ಲಿ ಎಳೆದುಕೊಳ್ಳುತ್ತಾರೆ.

ಒಡೆದ ಆಂಪ್ಯೂಲನ್ನು ನಾಳೆಗೆ ಇಡುವ ಹಾಗಿಲ್ಲ. ವಯಲ್ಲಿನ ಸ್ವಭಾವ ಬೇರೆ. ಬಾಯಿಗೆ ರಬ್ಬರು, ಅದರ ಸುತ್ತ ಅಲ್ಯೂಮಿನಿಯಂ ಪಟ್ಟಿ, ಮೇಲೊಂದು ಪ್ಲಾಸ್ಟಿಕ್ ಟೋಪಿ. ಟೋಪಿ ಎಗರಿಸಿದರೆ ರಬ್ಬರು ಕಾಣುತ್ತದೆ. ಸೂಜಿ ಹೊಕ್ಕು ಬಂದ ಮೇಲೆ ಅದು ತಾನೇ ಮುಚ್ಚಿಕೊಳ್ಳುತ್ತದೆ. ಹಾಗಾಗಿ ಒಂದೇ ವಯಲ್ಲು ಹಲವರಿಗಾಗಬಹುದು, ಒಬ್ಬರಿಗೇ ಹಲವು ದಿನಕ್ಕಾಗಬಹುದು. ಆದರೆ ಉಪ್ಪಿನಕಾಯಿ ಭರಣಿಗೆ ಒದ್ದೆ ಸೌಟು ಹಾಕಿದ ಹಾಗೆ, ಒಂದು ಕೊಳಕು ಸೂಜಿ ಹೋದರೆ ಅಷ್ಟೂ ಹಾಳು.

ಎಲ್ಲ ವಯಲ್ಲಿಗೂ ಈ ದೀರ್ಘಾಯುಸ್ಸು ಇಲ್ಲ. ಅಂಗನವಾಡಿಯಲ್ಲಿ ಲಸಿಕೆ ಹಾಕುವ ದಿನ ಕೂತು ನೋಡಿ. ದಡಾರ-ರುಬೆಲ್ಲಾ ಲಸಿಕೆ ಪುಡಿಯಾಗಿರುತ್ತದೆ; ನೀರು ಬೆರೆಸಿದ ಮೇಲೆ ನಾಲ್ಕು ಗಂಟೆಯೊಳಗೆ ಮುಗಿಯಬೇಕು, ಮಿಕ್ಕಿದ್ದು ಚೆಲ್ಲಬೇಕು. ಒಂದೇ ಮಗು ಬಂದರೂ ತೆರೆಯಿರಿ ಎಂದೇ ಮೇಲಿನವರು ಹೇಳುವುದು. ಆದರೂ ಐದು ಮಕ್ಕಳ ಲಸಿಕೆಯನ್ನು ಒಬ್ಬರಿಗಾಗಿ ತೆರೆಯಲು ಕೈ ಬರುವುದೆ?

“ಇನ್ನೆಷ್ಟೊತ್ತಮ್ಮ ಕೂತ್ಕಳದು? ಮನೇಲಿ ದನ ಕಟ್ಟಾಕ್ ಬಂದಿವ್ನಿ.”

“ಆಚೆ ಬೀದಿ ಮಕ್ಕಳೂ ಬರ್ತಾವೆ, ವಸಿ ತಡೀರವ್ವ.”

ಲಸಿಕೆಯ ಸೀಸೆಯ ಮೇಲೆ ಒಂದು ಸಣ್ಣ ವೃತ್ತ, ಅದರೊಳಗೆ ಬಿಳಿ ಚೌಕ ಇರುತ್ತದೆ. ಬಿಸಿ ತಗುಲಿದಷ್ಟೂ ಚೌಕ ಕಪ್ಪಾಗುತ್ತ ಹೋಗುತ್ತದೆ. ವೃತ್ತದ ಬಣ್ಣಕ್ಕೆ ಬಂದರೆ ಲಸಿಕೆ ಬಳಸುವಂತಿಲ್ಲ. ನನಗೆ ಬಹಳ ಹಿಡಿಸಿದ್ದು ಅದನ್ನು ಅಂಟಿಸುವ ಜಾಗ. ತೆರೆದ ಮೇಲೂ ನಾಲ್ಕು ವಾರ ಇಟ್ಟುಕೊಳ್ಳಬಹುದಾದ ಲಸಿಕೆಗೆ ಅದು ಲೇಬಲ್ಲಿನ ಮೇಲೆ. ಅವತ್ತೇ ಮುಗಿಸಬೇಕಾದ್ದಕ್ಕೆ ಟೋಪಿಯ ಮೇಲೆ, ಆಂಪ್ಯೂಲಾದರೆ ಕತ್ತಿನ ಮೇಲೆ. ತೆರೆದೊಡನೆ ಗುರುತೂ ಹೋಯಿತು. ಯಾರೋ ಕೂತು ಯೋಚಿಸಿದ್ದಾರೆ!

ವಯಲ್ಲಿಗೆ ಇನ್ನೊಂದು ಹಟವಿದೆ. ಒಡೆದ ಆಂಪ್ಯೂಲಿನಿಂದ ಎಷ್ಟು ಬೇಕಾದರೂ ಎಳೆದುಕೊಳ್ಳಿ, ತೆರೆದ ಬಾಯಲ್ಲಿ ಗಾಳಿ ಹೋಗುತ್ತದೆ. ವಯಲ್ಲು ಬಿಗಿ, ಬರೀ ಎಳೆಯುತ್ತ ಹೋದರೆ ಒಳಗೆ ಒತ್ತಡ ಕಮ್ಮಿಯಾಗಿ ಔಷಧಿ ಬರಲು ಸತಾಯಿಸುತ್ತದೆ. ನಮ್ಮ ದೊಡ್ಡಮ್ಮ ಇನ್ಸುಲಿನ್ನು ತಾವೇ ಚುಚ್ಚಿಕೊಳ್ಳುವವರು. ಸಿರಿಂಜಿನಲ್ಲಿ ಬೇಕಾದಷ್ಟು ಗಾಳಿ ಎಳೆದು ಮೊದಲು ಸೀಸೆಗೆ ತುಂಬುತ್ತಾರೆ, ಆಮೇಲೆ ತಲೆಕೆಳಗು ಮಾಡಿ ಅಷ್ಟೇ ಔಷಧಿ ಎಳೆಯುತ್ತಾರೆ. “ಗಾಳಿ ಕೊಟ್ಟು ಔಸ್ತಿ ಈಸ್ಕಬೇಕು ಕಣೊ, ಸುಮ್‌ಸುಮ್ನೆ ಕೊಡಲ್ಲ ಅದು.” ಕೆಂಪು ಟೋಪಿಯ ಸಿರಿಂಜನ್ನೇ ಕೇಳಿ ತರಬೇಕೆಂದೂ ತಾಕೀತು. ಅವರ ಹತ್ತು ಮಿಲೀ ಸೀಸೆಯಲ್ಲಿ ಮಿಲೀಗೆ 40 ಯೂನಿಟ್ಟು, ಕೆಂಪು ಟೋಪಿಯ ಸಿರಿಂಜು ಅದರ ಅಳತೆಯದು. ಕಿತ್ತಳೆ ಬಣ್ಣದ್ದು 100ರ ಲೆಕ್ಕದ್ದು. ಅದನ್ನು ತಂದರೆ ಗೆರೆಯೆಲ್ಲ ತಪ್ಪು. ಸೀಸೆ ಪದೇ ಪದೇ ಚುಚ್ಚಿದರೂ ಕೆಡದಿರಲೆಂದು ಫೀನಾಲ್ ಜಾತಿಯ ಸಂರಕ್ಷಕ ಬೆರೆಸಿರುತ್ತಾರೆ. ಇನ್ಸುಲಿನ್ನಿಗೆ ಆ ಆಸ್ಪತ್ರೆ ವಾಸನೆ ಅದರಿಂದ.

ಆಸ್ಪತ್ರೆಯಲ್ಲಿ ಖಾಲಿ ಗಾಜಿಗೆ ನೀಲಿ ಗುರುತಿನ ಡಬ್ಬವಿದೆ. ದೊಡ್ಡಮ್ಮನ ಮನೆಯಲ್ಲಿ ಅವು ಕಿಟಕಿಯ ದಂಡೆಯ ಮೇಲೆ ಸಾಲಾಗಿ ನಿಂತಿವೆ. ಮೆಡಿಕಲ್ ಸ್ಟೋರಿನವನನ್ನು ಕೇಳಿ ಸರಿಯಾದ ಕಡೆ ಹಾಕಿಸುತ್ತೇನೆ, ಕೊಡಿ ಎಂದೆ.

“ಎಂಥಾ ಗಟ್ಟಿ ರಬ್ಬರು ನೋಡೊ! ಇರ್ಲಿ ಬುಡು, ಯಾತಕ್ಕಾರ ಆಯ್ತದೆ.”