ಮೊಟ್ಟೆ ಎತ್ತಿದರೇನೇ ಅಲಿಗೇಟರ್ ಉಳಿಯೋದು

ಅಲಿಗೇಟರ್ (ಮೊಸಳೆಯ ಹತ್ತಿರದ ಬಂಧು) ಚರ್ಮದ ಬ್ಯಾಗು, ಬೆಲ್ಟು ನಿಷೇಧಿಸಿ ಅನ್ನೋ ಪೋಸ್ಟ್ ಹಂಚೋ ಮುಂಚೆ ಅಮೆರಿಕದ ಲೂಸಿಯಾನಾ ಕಡೆ ಒಮ್ಮೆ ನೋಡಿ. ಹೊಡೆದು ಹೊಡೆದು ಬರಿದಾದ ಮೇಲೆ 1962ರಲ್ಲಿ ಅಲ್ಲಿ ಬೇಟೆ ನಿಲ್ಲಿಸಿದರು. 1972ರಲ್ಲಿ ಕ್ಯಾಮರಾನ್ ಪ್ಯಾರಿಷ್‌ನಲ್ಲಿ (ಪ್ಯಾರಿಷ್ ಅಂದರೆ ಅಲ್ಲಿನ ಜಿಲ್ಲೆ) ಮಾತ್ರ, ಲೆಕ್ಕ ಇಟ್ಟು, ಮತ್ತೆ ಶುರು. 1987ರ ಹೊತ್ತಿಗೆ ಅಲಿಗೇಟರ್ ಪೂರ್ತಿ ಚೇತರಿಸಿಕೊಂಡಿದೆ ಅಂತ ಫೆಡರಲ್ ಸರ್ಕಾರವೇ ಘೋಷಿಸಿತು.

ಅಲ್ಲಿನ ಕರಾವಳಿ ಜೌಗಿನ ಬಹುಪಾಲು ಖಾಸಗಿ ಆಸ್ತಿ. ಮೊಟ್ಟೆಗೂ ಚರ್ಮಕ್ಕೂ ದುಡ್ಡು ಬಂದರೆ ಮಾಲೀಕ ಜೌಗನ್ನ ಜೌಗಾಗಿಯೇ ಬಿಡ್ತಾನೆ. ನನ್ನ ವಾದ ಇಷ್ಟೇ.

ಅಲಿಗೇಟರ್ ಸಾಕೋ ಫಾರಂನವರು ಈ ಜೌಗಿನಿಂದಲೇ ಮೊಟ್ಟೆ ಎತ್ತಿಕೊಂಡು ಹೋಗಿ ಮರಿ ಮಾಡಿಸ್ತಾರೆ. ಜೂನ್ ಕೊನೆ, ಜುಲೈ ಹೊತ್ತಿಗೆ ಹೆಲಿಕಾಪ್ಟರ್‌ನಿಂದ ಗೂಡು ಗುರುತಿಸಿ ಏರ್‌ಬೋಟ್‌ನಲ್ಲಿ (ದೊಡ್ಡ ಫ್ಯಾನಿನಿಂದ ಓಡೋ ಚಪ್ಪಟೆ ದೋಣಿ) ಹೋಗ್ತಾರೆ. ಹುಲ್ಲು, ಕೆಸರಿನ ಗುಪ್ಪೆ ಬಿಡಿಸಿದರೆ ಒಳಗೆ ಮೂವತ್ತೈದು, ನಲವತ್ತು ಮೊಟ್ಟೆ. ಎತ್ತೋ ಮುಂಚೆಯೇ ಒಂದೊಂದರ ನೆತ್ತಿಗೂ ಪೆನ್ನಿನಿಂದ ಗೆರೆ ಎಳೀಬೇಕು. ಗೆರೆ ಮೇಲಿರೋ ಹಾಗೇ, ಗೂಡಿನದೇ ಹುಲ್ಲು ಹಾಸಿ ಕ್ರೇಟಿನಲ್ಲಿ ಜೋಡಿಸಬೇಕು. ಮೊಟ್ಟೆ ಇಟ್ಟು ಒಂದು ದಿನ ಕಳೆಯೋದರೊಳಗೆ ಭ್ರೂಣ ಚಿಪ್ಪಿನ ಒಳಗೆ ಮೇಲ್ಭಾಗಕ್ಕೆ ಅಂಟಿಕೊಂಡುಬಿಡುತ್ತೆ. ಕೋಳಿಮೊಟ್ಟೆ ಥರ ಹೊರಳಿಸಿದರೆ ಮರಿ ಒಳಗೇ ಸಾಯುತ್ತೆ. ಕಾವು 30 ಡಿಗ್ರಿ ಸೆಲ್ಸಿಯಸ್ ಆಸುಪಾಸಿದ್ದರೆ ಹೆಣ್ಣು, 33ರ ಹತ್ತಿರ ಗಂಡು.

ಫಾರಂನವರು ಹುಟ್ಟಿದ ಮರಿಗಳಲ್ಲಿ ಒಂದು ಪಾಲನ್ನ ಅದೇ ಜೌಗಿಗೆ ವಾಪಸ್ ಬಿಡಲೇಬೇಕು, ಅದೂ ಮೂರರಿಂದ ಐದು ಅಡಿ ಬೆಳೆಸಿ. ಚಿಕ್ಕ ಮರಿ ಬಿಟ್ಟರೆ ರಕೂನ್, ಕೊಕ್ಕರೆ, ದೊಡ್ಡ ಅಲಿಗೇಟರ್‌ಗಳಿಗೇ ಊಟ. ಶುರುವಿನಲ್ಲಿ ಶೇ. 17 ಇದ್ದ ಈ ಪಾಲನ್ನ ಕಾಡಿನ ಸಂಖ್ಯೆ ಏರಿದಂತೆ ಇಳಿಸುತ್ತಾ ಬಂದರು.

ದೊಡ್ಡವುಗಳ ಬೇಟೆ ಸೆಪ್ಟೆಂಬರ್‌ನಲ್ಲಿ ಯಾಕೆ ಅಂದರೆ, ಆಗ ಗೂಡು ಕಟ್ಟಿದ ಹೆಣ್ಣುಗಳು ಜೌಗಿನ ಒಳಗಿರ್ತವೆ, ಕಾಲುವೆಯಲ್ಲಿ ಸಿಗೋದು ಹೆಚ್ಚಾಗಿ ಗಂಡು. ಸರ್ಕಾರ ಕೊಟ್ಟ ಟ್ಯಾಗ್ ಇಲ್ಲದ ಚರ್ಮ ಮಾರೋ ಹಾಗಿಲ್ಲ.

ಇದೇ ಸೂತ್ರ ನಮ್ಮ ಕಾಳಿ, ಕಾವೇರಿ ಮೊಸಳೆಗೂ ಬರಲಿ ಅಂತ ನಾನು ಹೇಳ್ತಿಲ್ಲ. ನದಿ ಯಾರಪ್ಪನ ಆಸ್ತಿಯೂ ಅಲ್ಲ, ನಮ್ಮ ಕಾನೂನೂ ಬೇರೆ.

ಲೂಸಿಯಾನಾದ ಏರ್ಪಾಟಿಗೂ ಒಂದು ಬಲಹೀನತೆ ಇದೆ: ಎಲ್ಲವೂ ಚರ್ಮದ ಬೆಲೆಗೆ ಜೋತುಬಿದ್ದಿದೆ. ಬೆಲೆ ಕುಸಿದರೆ ಒಡ್ಡು, ತೂಬು ರಿಪೇರಿಗೆ ಮಾಲೀಕ ದುಡ್ಡು ಬಿಚ್ಚಲ್ಲ, ಸಮುದ್ರದ ನೀರು ಒಳಗೆ ನುಗ್ಗುತ್ತೆ. ಮೈಯಿಂದ ಉಪ್ಪು ಹೊರಹಾಕೋ ಗ್ರಂಥಿ ಅಲಿಗೇಟರ್‌ಗೆ ಸರಿಯಾಗಿ ಇಲ್ಲ. ಮರಿಗಳಂತೂ ಆ ನೀರಲ್ಲಿ ಉಳಿಯಲ್ಲ. ಬ್ಯಾಗ್ ನಿಷೇಧಿಸಿ ಅನ್ನೋರು ಆ ತೂಬಿನ ಖರ್ಚು ಯಾರು ಕೊಡ್ತಾರೆ ಅಂತಲೂ ಹೇಳಲಿ.