ಎಡಚ ಧನರಾಜ್

ಸುಣ್ಣಬಣ್ಣ ಮಾಡಿಸೋಕೆ ಅಂತ ಕೋಲಾರದ ಮನೆಯ ಅಟ್ಟ ಖಾಲಿ ಮಾಡುವಾಗ ಹಳೇ ಡ್ರಾಯಿಂಗ್ ಶೀಟೊಂದು ಸಿಕ್ಕಿತು. ಹಾಕಿ ಆಟಗಾರ ಧನರಾಜ್ ಪಿಳ್ಳೈ ಚಿತ್ರ. ಐದನೇ ಕ್ಲಾಸಿನಲ್ಲಿ ನಾನೇ ಬರೆದದ್ದು. ಮಗಳು ಇಣುಕಿ ನೋಡಿ "ಯಾರಪ್ಪಾ ಈ ಆಂಟಿ?" ಅಂದಳು. ಅವಳ ತಪ್ಪಲ್ಲ, ಆ ಕೂದಲು ಹಾಗಿತ್ತು.

ಫೋಟೋ ತೆಗೆದು ಸ್ನೇಹಿತರ ಗ್ರೂಪಿಗೆ ಹಾಕಿದೆ. ಒಬ್ಬ ತಕ್ಷಣ ಕಂಡುಹಿಡಿದ. "ಕೈ ಉಲ್ಟಾ ಇದೆ ಗುರೂ. ಎಐಗೆ ಕೊಡು, ಎರಡು ನಿಮಿಷದಲ್ಲಿ ಸರಿ ಮಾಡುತ್ತೆ." ಬೇಡ ಮಾರಾಯಾ ಅಂದೆ. ಯಾಕೆ ಬೇಡ ಅನ್ನೋದು ಸ್ವಲ್ಪ ಉದ್ದದ ಕಥೆ.

1998ರ ಡಿಸೆಂಬರ್. ಬ್ಯಾಂಕಾಕ್ ಏಷ್ಯನ್ ಗೇಮ್ಸ್ ಹಾಕಿ ಫೈನಲ್. ಎದುರಿಗೆ ದಕ್ಷಿಣ ಕೊರಿಯಾ. ಆಟ ಸಮ ಆಗಿ ಪೆನಾಲ್ಟಿ ಸ್ಟ್ರೋಕ್‌ಗೆ ಹೋಯಿತು. ಗೋಲಿನಲ್ಲಿ ನಮ್ಮ ಆಶಿಶ್ ಬಲ್ಲಾಳ್ ಗೋಡೆಯ ಹಾಗೆ ನಿಂತರು. 1966ರ ನಂತರ, ಅಂದರೆ 32 ವರ್ಷಕ್ಕೆ ಚಿನ್ನ ಬಂತು. ಕ್ಯಾಪ್ಟನ್ ಧನರಾಜ್. ಪೇಪರಿನಲ್ಲಿ ಅವರು ಓಡುತ್ತಿದ್ದ ಕಪ್ಪುಬಿಳುಪು ಫೋಟೋ ನೋಡಿ ನನಗೆ ಹುಚ್ಚು ಹಿಡಿಯಿತು. ಪುಣೆಯ ಖಡ್ಕಿಯ ಬಡ ಮನೆಯ ಹುಡುಗ, ಮುರಿದ ಸ್ಟಿಕ್‌ಗಳಲ್ಲಿ ಆಡಿ ಬೆಳೆದವನು ಅನ್ನೋದೆಲ್ಲ ಆಮೇಲೆ ಓದಿದ್ದು. ಆಗ ಗೊತ್ತಿದ್ದದ್ದು ಕೂದಲು ಮತ್ತು ಓಟ, ಅಷ್ಟೇ.

ಚಿತ್ರ ಬರೆಯೋಕೆ ಕೂತೆ. ಜೆರ್ಸಿಗೆ ನೀಲಿ ಹಚ್ಚುತ್ತಾ ಹಚ್ಚುತ್ತಾ ಡಬ್ಬಿಯಲ್ಲಿದ್ದ ಬಿಲ್ಲೆ ಸವೆದು ತಳ ಕಂಡಿತು. ಒಂದು ತೋಳು ಬಾಕಿ. ಅಮ್ಮ ಬಿಳಿ ಬಟ್ಟೆಗೆ ಹಾಕುತ್ತಿದ್ದ ನೀಲಿಯನ್ನೇ ಕದಡಿ ಹಚ್ಚಿದೆ. ಈಗ ನೋಡಿದರೆ ಜೆರ್ಸಿಯೆಲ್ಲ ಮಾಸಿದೆ, ಆ ತೋಳು ಮಾತ್ರ ಇನ್ನೂ ಗಾಢವಾಗಿದೆ.

ಕೈ ಉಲ್ಟಾ ಆದದ್ದಕ್ಕೂ ಕಾರಣ ಇತ್ತು. ನಾನು ಎಡಚ. ಎಡಗೈಯಲ್ಲಿ ಬರೆದರೆ ಸ್ಕೂಲಿನಲ್ಲಿ ಬೆರಳಿನ ಗಿಣ್ಣಿಗೆ ಸ್ಕೇಲಿನ ಏಟು. ಫೋಟೋದಲ್ಲಿ ಕೈಗಳು ಮಸುಕಾಗಿದ್ದವು. ಹಾಗಾಗಿ ಕೋಲು ಸಿಕ್ಕರೆ ನಾನು ಹೇಗೆ ಹಿಡಿಯುತ್ತೀನೋ ಧನರಾಜ್‌ಗೂ ಹಾಗೇ ಹಿಡಿಸಿಬಿಟ್ಟೆ. ಬಲಗೈ ಮೇಲೆ, ಎಡಗೈ ಕೆಳಗೆ.

ಆ ಭಾನುವಾರ ಮಾವ ಬಂದರು. ಕೆಜಿಎಫ್ ಗಣಿಯಲ್ಲಿ ಕೆಲಸ, ಮಾರಿಕುಪ್ಪಂ ಕಡೆ ಕ್ವಾರ್ಟರ್ಸ್. ಅಲ್ಲಿನ ಗಟ್ಟಿ ಮಣ್ಣಿನ ಮೈದಾನದಲ್ಲಿ ಹಾಕಿ ಆಡಿ ಮೊಣಕಾಲು ಕೆತ್ತಿಸಿಕೊಂಡವರು. (2001ರ ಫೆಬ್ರವರಿ 28ಕ್ಕೆ ಗಣಿಯೇ ಮುಚ್ಚಿತು. ಆ ಸಂಕಟ ಬರೆಯೋಕೆ ಇನ್ನೊಂದು ಪೋಸ್ಟ್ ಬೇಕು.) ಚಿತ್ರ ನೋಡಿ ನಕ್ಕರು. "ಏನೋ ಇದು, ಧನರಾಜ್ ಯಾವಾಗ ಎಡಚ ಆಗೋದ?"

ನನ್ನ ಮುಖ ಸಪ್ಪಗಾಯಿತು. ಹಾಕಿಯಲ್ಲಿ ಎಡಚರಿಗೆ ಬೇರೆ ಸ್ಟಿಕ್ಕೇ ಇಲ್ಲ ಅಂದರು. ಒಂದು ಬದಿ ಚಪ್ಪಟೆ, ಇನ್ನೊಂದು ಬದಿ ಗುಂಡು. ಚಪ್ಪಟೆ ಬದಿಯಲ್ಲೇ ಆಡಬೇಕು, ಎಲ್ಲರಿಗೂ ಒಂದೇ ಹಿಡಿತ. ಅಂದರೆ ಇಲ್ಲೂ ನನಗೆ ಜಾಗ ಇಲ್ಲ!

ಧನರಾಜ್ ಮೇಲೆ ಒಂದು ದೂರು ಯಾವಾಗಲೂ ಇತ್ತು, ಸಿಡುಕ, ಬಾಯಿ ಜಾಸ್ತಿ ಅಂತ. ಆದರೆ ಚಿನ್ನ ತಂದ ಮೇಲೆ ಅವರನ್ನೂ ಬಲ್ಲಾಳರನ್ನೂ ಸೇರಿಸಿ ಹಲವು ಹಿರಿಯರನ್ನು ತಂಡದಿಂದ ಹೊರಗಿಟ್ಟರು. ವಿಶ್ರಾಂತಿಯಂತೆ! ಇಂಥದ್ದಕ್ಕೆ ಸಿಡುಕದವನು ಮನುಷ್ಯನಾ? ನನಗಂತೂ ಆ ಸಿಡುಕೇ ಇಷ್ಟ. ಸ್ಕೇಲಿನ ಏಟು ತಿಂದು ಸುಮ್ಮನಿದ್ದ ಹುಡುಗನಿಗೆ ಬೇರೆ ಏನು ಇಷ್ಟ ಆಗಬೇಕು ಹೇಳಿ?

ಇರಲಿ, ಮಾವನ ವಿಷಯಕ್ಕೆ ಬರೋಣ. ಬಾಗಿಲ ಹಿಂದೆ ನೇತುಹಾಕಿದ್ದ ಕೊಡೆ ತೆಗೆದರು. ತಲೆಕೆಳಗು ಮಾಡಿ, ಕೊಕ್ಕೆ ಹಿಡಿ ನೆಲದ ಕಡೆ ಇಟ್ಟರು. ಅಡುಗೆಮನೆಯಿಂದ ಒಂದು ನಿಂಬೆಹಣ್ಣು ತರಿಸಿದರು. ಎಡಗೈ ಮೇಲೆ, ಬಲಗೈ ಕೆಳಗೆ. ಅಂಗಳದಲ್ಲಿ ಟಕ್ ಟಕ್ ಅಂತ ನಿಂಬೆಹಣ್ಣು ಆ ಕಡೆ ಈ ಕಡೆ ಹೊರಳುತ್ತಾ ಹೋಯಿತು, ಕೊಡೆ ಬಿಟ್ಟು ಎಲ್ಲೂ ಹೋಗಲಿಲ್ಲ.

"ಕೊಡೆ ನೋಡ್ಬೇಡ, ನನ್ ಕೈ ನೋಡು" ಅಂದರು. ನಿಂಬೆಹಣ್ಣು ಎಡಕ್ಕೆ ಹೋದಾಗಲೆಲ್ಲ ಕೊಕ್ಕೆ ಮಗುಚುತ್ತಿತ್ತು. ಮಗುಚುತ್ತಿದ್ದದ್ದು ಮೇಲಿನ ಕೈ. ಕೆಳಗಿನ ಬಲಗೈ ಸಡಿಲವಾಗಿ ಬಳೆ ಥರ ಸುತ್ತಿಕೊಂಡಿತ್ತು, ಅಷ್ಟೇ.

"ಆಡ್ಸೋದು ಯಾವ ಕೈ?"

"ಎಡಗೈ."

"ಹಾಂ. ಧನರಾಜ್‌ದೂ ಅದೇ" ಅಂದು ಕೊಡೆ ನನ್ನ ಕೈಗೆ ಕೊಟ್ಟರು. ಸಂಜೆಯೊಳಗೆ ಅದರ ಎರಡು ಕಡ್ಡಿ ಮುರಿದಿತ್ತು, ನಿಂಬೆಹಣ್ಣು ಚರಂಡಿ ಸೇರಿತ್ತು.